ಕಿವಿ ಸೀಳಿದ ಟಗರು

ಆಗ ನನಗೆ ಅರವತ್ತು. ಅದಾಗಿ ಏಳು ವರ್ಷವಾಯಿತು. ಆ ಸಲ ಕ್ರಿಸ್‌ಮಸ್ಸು ಮಂಗಳವಾರ ಬಂದಿತ್ತು. ಹಿಂದಿನ ದಿನ, ಸೋಮವಾರ ಬೆಳಿಗ್ಗೆ, ನನ್ನ ಮಗ ಮನೆ ಅಂಗಳದಲ್ಲಿ ಒಂದು ಟಗರು ಕುಯ್ದ. ಕುಯ್ದ ಅನ್ನಬಾರದು, ಕೊಚ್ಚಿದ. ಟಗರು ನಮ್ಮದಾಗಿರಲಿಲ್ಲ, ಮಾರಮ್ಮನದು. ಅವತ್ತು ಹೊತ್ತು ಮುಳುಗುವಷ್ಟರಲ್ಲಿ ಮಗನ ಎಡಗೈಯ ಎರಡು ಬೆರಳು ಹೋಗಿದ್ದವು, ಭಾವನ ಹೆಗಲ ಮೂಳೆ ಮುರಿದಿತ್ತು, ಪಾಸ್ಟರ ಮುಂದಿನ ಹಲ್ಲು ಉದುರಿತ್ತು.

ನಾನು ಅಕ್ಷರ ಕಲಿತದ್ದು ಐವತ್ತು ದಾಟಿದ ಮೇಲೆ. ಪ್ರಾರ್ಥನೆ ಮನೆಯಲ್ಲಿ ಪದದ ಮೇಲೆ ಬೆರಳಿಟ್ಟು ಕಲಿತೆ. ಒತ್ತಕ್ಷರ ಈಗಲೂ ತಪ್ಪುತ್ತೇನೆ. ತಿದ್ದುವವರು ಒತ್ತಕ್ಷರ ತಿದ್ದಲಿ, ನಡೆದದ್ದನ್ನು ತಿದ್ದುವುದು ಬೇಡ.

ನಾನು ಕುರಿ ಸಾಕುವವಳು. ಯಲಹಂಕದಿಂದ ಹೆಸರಘಟ್ಟಕ್ಕೆ ಹೋಗುವ ರಸ್ತೆಯಲ್ಲಿ ನಮ್ಮ ಊರು. ಊರು ಅಂತ ಈಗ ಹೆಸರಿಗೆ ಮಾತ್ರ. ಸುತ್ತ ಅಪಾರ್ಟ್‌ಮೆಂಟು ಎದ್ದಿವೆ. ಆದರೂ ಹುಲ್ಲುಗಾವಲಿನ ಕಡೆ ಹೋದರೆ ಮೇವಿಗೆ ತೊಂದರೆಯಿಲ್ಲ. ನನ್ನ ಕುರಿಗೆ ಮೂರು ಬಗೆಯ ಗಿರಾಕಿಗಳು. ಬಕ್ರೀದಿಗೆ ಆರ್.ಟಿ. ನಗರದಲ್ಲಿ ಮಟನ್ ಅಂಗಡಿ ಇಟ್ಟಿರುವ ಸಾಬರು ಬರುತ್ತಾರೆ. ಹರಕೆಗೆ ಊರಿನವರು ಬರುತ್ತಾರೆ. ಕ್ರಿಸ್‌ಮಸ್ಸಿಗೂ ಈಸ್ಟರಿಗೂ ನಮ್ಮ ಸಭೆಯವರು ತೆಗೆದುಕೊಳ್ಳುತ್ತಾರೆ. ಒಬ್ಬರು ದೇವರ ಹೆಸರು ಹೇಳಿ ಕುತ್ತಿಗೆ ಕುಯ್ಯುತ್ತಾರೆ, ಒಬ್ಬರು ಒಂದೇ ಏಟಿಗೆ ಕಡಿಯುತ್ತಾರೆ, ನಮ್ಮವರು ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡುತ್ತಾರೆ. ಕುರಿಗೆ ಅದೆಲ್ಲ ಒಂದೇ.

ನಮ್ಮ ಕಡೆ ಒಂದು ಪದ್ಧತಿ ಇದೆ. ದೇವರಿಗೆ ಬಿಟ್ಟ ಮರಿಯ ಬಲಗಿವಿಯನ್ನು ತುದಿಯಿಂದ ಸೀಳುತ್ತಾರೆ. ಸೀಳಿದ ಮೇಲೆ ಅದನ್ನು ಮಾರುವಂತಿಲ್ಲ, ಬೇರೆಯವರು ಮುಟ್ಟುವಂತಿಲ್ಲ. ಹೊಲಕ್ಕೆ ನುಗ್ಗಿದರೂ ಯಾರೂ ಕಲ್ಲೆತ್ತುವುದಿಲ್ಲ. ಸಾಬರಿಗೂ ಇದು ಗೊತ್ತಿತ್ತು. ಅವರ ಹಬ್ಬಕ್ಕೆ ಊನವಿಲ್ಲದ ಪ್ರಾಣಿ ಬೇಕು. ಕೊಂಬು ಮುರಿದಿರಬಾರದು, ಕುಂಟಬಾರದು, ಕಿವಿ ಅಷ್ಟುದ್ದ ಹರಿದಿರಬಾರದು. ದೊಡ್ಡಿಗೆ ಬಂದವರೇ ಮೊದಲು ಪ್ರತಿ ಕುರಿಯ ಕಿವಿಯ ಮೇಲೆ ಬೆರಳಾಡಿಸುತ್ತಿದ್ದರು. ಸೀಳಿದ್ದು ಸಿಕ್ಕರೆ, "ಇದು ಅಮ್ಮಂದು, ಇರ್ಲಿ ಬಿಡಿ ಅಕ್ಕಾ" ಅಂತ ಪಕ್ಕಕ್ಕೆ ತಳ್ಳುತ್ತಿದ್ದರು. ಒಂದು ದೇವರಿಗೆ ಮೀಸಲಾದ ಗುರುತು ಇನ್ನೊಂದು ದೇವರಿಗೆ ಊನ. ಇದರಿಂದ ಇಷ್ಟು ವರ್ಷ ಯಾರಿಗೂ ಜಗಳವಾಗಿರಲಿಲ್ಲ.

ಆ ಟಗರನ್ನು ಬಿಟ್ಟವರು ನಮ್ಮ ಭಾವ, ನನ್ನ ಗಂಡನ ಅಣ್ಣ. ಜಮೀನು ಅಪಾರ್ಟ್‌ಮೆಂಟಿನವರಿಗೆ ಕೊಟ್ಟು ನಮ್ಮ ಹಟ್ಟಿಯ ಎದುರಿಗೇ ಮೂರು ಮಹಡಿ ಮನೆ ಕಟ್ಟಿದವರು. ಜಮೀನು ಕೊಡುವಾಗ ಒಂದು ಮಾತಿಗೆ ಮಾತ್ರ ಜಗ್ಗಲಿಲ್ಲ. ಬೇವಿನ ಮರದ ಬುಡದ ಮಾರಮ್ಮನ ಕಲ್ಲು ಇದ್ದಲ್ಲೇ ಇರಬೇಕು. ಹಾಗಾಗಿ ಅದು ಈಗಲೂ ಅಪಾರ್ಟ್‌ಮೆಂಟಿನ ಕಾಂಪೌಂಡಿನೊಳಗೆ, ಜನರೇಟರಿನ ಪಕ್ಕ ಇದೆ. ಒಂದು ಮಳೆಗಾಲ ಭಾವನ ಮೊಮ್ಮಗಳಿಗೆ ಡೆಂಗಿ ಬಂತು. ಹುಡುಗಿಯ ಮೂಗಿನಲ್ಲಿ ರಕ್ತ. ಆಸ್ಪತ್ರೆಯಲ್ಲಿ ಏನೂ ಹೇಳಲಾಗುವುದಿಲ್ಲ ಅಂದರಂತೆ. ಭಾವ ಹೋಗಿ ಕಲ್ಲಿಗೆ ಹಣೆ ಜಜ್ಜಿಕೊಂಡು ಟಗರು ಬಿಡುತ್ತೇನೆ ಅಂದರು. ಹುಡುಗಿ ಎದ್ದು ಕೂತಳು. ಮರಿಯ ಕಿವಿ ಸೀಳಿ ನನ್ನ ದೊಡ್ಡಿಗೆ ತಂದುಬಿಟ್ಟರು, ಊರಲ್ಲಿ ಕುರಿ ಉಳಿದದ್ದು ನನ್ನ ಹತ್ತಿರ ಮಾತ್ರ. ನಾನು ಏಸುವಿನ ಕಡೆ ಹೋದವಳು ಅಂತ ಗೊತ್ತಿದ್ದೂ ತಂದುಬಿಟ್ಟರು. ನಾನೂ ಗೊತ್ತಿದ್ದೇ ಇಟ್ಟುಕೊಂಡೆ. ಮೇಯಿಸುವುದಕ್ಕೆ ಜಾತಿ ಯಾಕೆ? ಡಿಸೆಂಬರಿನ ಆ ಮಂಗಳವಾರ ಬಲಿ ಅಂತ ನಿಂತಿತ್ತು.

ನಾನು ಏಸುವಿನ ಕಡೆ ಹೋದದ್ದಕ್ಕೆ ದೊಡ್ಡ ಕಾರಣವೇನಿಲ್ಲ. ನನ್ನ ಗಂಡ ಕುಡಿದು ಹೊಡೆಯುತ್ತಿದ್ದ. ಒಂದು ಸಲ ಬಾವಿ ಹಗ್ಗದಲ್ಲಿ ಹೊಡೆದು ಬೆನ್ನಿನ ಚರ್ಮ ಎದ್ದಿತ್ತು. ಕೊನೆಗೆ ದೊಡ್ಡಬಳ್ಳಾಪುರದ ರಸ್ತೆಯಲ್ಲಿ ನೀರಿನ ಟ್ಯಾಂಕರಿಗೆ ಸಿಕ್ಕಿ ಸತ್ತ. ಆಮೇಲೆ ಪ್ರಾರ್ಥನೆ ಮನೆಯ ಹೆಂಗಸರು ಬಂದು ನನ್ನ ಜೊತೆ ಕೂತರು. ಬೇರೆ ಯಾರೂ ಕೂತಿರಲಿಲ್ಲ, ಹೋದೆ. ಕೆರೆಯಲ್ಲಿ ನೀರಿದ್ದ ವರ್ಷ ಪಾಸ್ಟರು ನನ್ನನ್ನು ಮುಳುಗಿಸಿ ಎತ್ತಿದರು. ಅವರು ಕೆಟ್ಟವರಲ್ಲ. ಆದರೆ ಅವರ ಸ್ವರ್ಗಕ್ಕೆ ಒಂದೇ ಬಾಗಿಲು.

ಶುರುವಿನಲ್ಲೇ ನಾನು ಕೇಳಿದ್ದೆ. "ನನ್ ಗಂಡ ಎಲ್ಲವ್ನೆ ಪಾಸ್ಟರೇ?"

"ನಂಬದೆ ಸತ್ರು ಅಮ್ಮಾ. ಏನ್ ಹೇಳ್ಲಿ?"

"ನರ್ಕನಾ? ಸರಿ, ಅಲ್ಲೇ ಇರ್ಲಿ. ಮತ್ತೆ ನಮ್ಮವ್ವ? ನಮ್ಮವ್ವ ಯಾರಿಗೂ ಕೆಟ್ಟದ್ ಮಾಡ್ಲಿಲ್ಲ. ಏಸು ಹೆಸ್ರೇ ಅವಳ ಕಿವಿಗೆ ಬೀಳ್ಲಿಲ್ಲ."

ಪಾಸ್ಟರು ಪುಸ್ತಕ ಮುಚ್ಚಿದರು. "ಅದು ದೇವರಿಗೆ ಬಿಟ್ಟಿದ್ದು. ಆದ್ರೆ ದಾರಿ ಒಂದೇ ಅಮ್ಮಾ."

"ಅಂಗಾದ್ರೆ ನಾನ್ ಸತ್ತ ಮೇಲೆ ಒಂದಿನ ರಜ ಕೊಡ್ಸಿ. ನಮ್ಮವ್ವನ ಮಾತಾಡಿಸ್ಕೊಂಡ್ ಬತ್ತೀನಿ."

ಅವರು ನಕ್ಕರು. ನನ್ನ ಮಗ ನಗಲಿಲ್ಲ. ಅವನು ಏರ್‌ಪೋರ್ಟಿಗೆ ಕಾರು ಓಡಿಸುತ್ತಿದ್ದ. ನನ್ನ ಹಿಂದೆ ಪ್ರಾರ್ಥನೆ ಮನೆಗೆ ಬಂದವನು ನನ್ನನ್ನು ದಾಟಿ ಹೋಗಿದ್ದ. ಕಾರಿನ ಕನ್ನಡಿಗೆ ಶಿಲುಬೆ, ಮಾತೆತ್ತಿದರೆ ಸೈತಾನ. ದೊಡ್ಡಪ್ಪನ ಮನೆಯ ಊಟ ಬಿಟ್ಟ. ಹಬ್ಬದ ಎಡೆ ಕಳಿಸಿದರೆ ನನ್ನ ಕಣ್ಣೆದುರೇ ನಾಯಿಗೆ ಹಾಕಿದ. ಅವತ್ತು ನಾನು ಅವನ ಕೆನ್ನೆಗೆ ಹೊಡೆದೆ. ಇನ್ನೊಂದು ಕೆನ್ನೆ ತೋರಿಸಿದ. ಅದಕ್ಕೂ ಹೊಡೆದೆ.

ಆ ಭಾನುವಾರದ ಉಪದೇಶ ಕುರಿಮರಿಯದು. ದೇವರ ಕುರಿಮರಿ ಒಂದೇ ಸಲ ಸತ್ತಿತು, ಇನ್ನು ಯಾವ ದೇವರಿಗೂ ಯಾವ ರಕ್ತವೂ ಬೇಡ, ವಿಗ್ರಹ ಏನೂ ಅಲ್ಲ ಅಂತ ಪಾಸ್ಟರು ಹೇಳಿದರು. ನನಗೆ ಅದು ಒಪ್ಪಿಗೆಯಾಯಿತು. ಮಗನಿಗೆ ಅದು ತಲೆಗೇರಿತು.

ಸೋಮವಾರ ಬೆಳಿಗ್ಗೆ ನಾನು ಸೊಪ್ಪು ಕಡಿಯಲು ದೋಟಿ ತೆಗೆದುಕೊಂಡು ಹೋಗಿದ್ದೆ. ದೋಟಿ ಅಂದರೆ ಉದ್ದನೆಯ ಬಿದಿರು ಕೋಲು, ತುದಿಗೆ ಕುಡುಗೋಲು ಕಟ್ಟಿರುತ್ತೇವೆ. ವಾಪಸು ಬರುವಾಗ ಓಣಿಯ ಕೊನೆಗೇ ಟಗರು ಕೂಗುವುದು ಕೇಳಿತು. ಸಾಯುವ ಕುರಿ ಅಷ್ಟು ಹೊತ್ತು ಕೂಗುವುದಿಲ್ಲ. ಓಡಿದೆ.

ಅಂಗಳದಲ್ಲಿ ಆ ಟಗರು ಅರ್ಧ ಕುತ್ತಿಗೆ ಕಡಿಸಿಕೊಂಡು ಓಡಾಡುತ್ತಿತ್ತು. ಮಗನ ಕೈಯಲ್ಲಿ ಸೌದೆ ಸೀಳುವ ಮಚ್ಚು. ಟಗರು ಹಗ್ಗ ಕಿತ್ತುಕೊಂಡು ಹೋಗಿ ಗೋಡೆಗೆ ಗುದ್ದಿತ್ತು, ಒಣಗಲು ಹಾಕಿದ್ದ ನನ್ನ ಸೀರೆಯನ್ನೆಲ್ಲ ಕೆಂಪು ಮಾಡಿತ್ತು. ಅವತ್ತು ಕುರಿ ತುಂಬಿಸಿಕೊಂಡು ಹೋಗಲು ಬಂದಿದ್ದ ಸಾಬರು ಟೆಂಪೋಗೆ ಬೆನ್ನು ಕೊಟ್ಟು ನಿಂತಿದ್ದರು.

"ಬೇಡ ಕಣೋ ಮಗಾ, ಕಿವಿ ನೋಡೋ ಅಂದೆ ಅಕ್ಕಾ. ಕೇಳ್ಬೇಕಲ್ಲ ಈ ನಿಮ್ ಮಗ!"

ನಾನು ಟಗರಿನ ಕೊಂಬು ಹಿಡಿದು ನೆಲಕ್ಕೆ ಕೆಡವಿ ಮಂಡಿಯೂರಿ ಅದರ ಮೇಲೆ ಕೂತೆ. ಅದರ ಉಸಿರು ಕತ್ತಿನ ಗಾಯದಿಂದ ಬರುತ್ತಿತ್ತು, ಗುಳುಗುಳು ಅಂತ. ಸಾಬರು ತಮ್ಮ ಚೂರಿಯನ್ನು ನನ್ನ ಕೈಗೆ ಕೊಟ್ಟರು. ಒಂದೇ ಎಳೆತಕ್ಕೆ ಮುಗಿಸಿದೆ. ಮೊಣಕೈವರೆಗೆ ಬಿಸಿ ರಕ್ತ. ಕಾಲು ಝಾಡಿಸಿತು, ನಿಂತಿತು. ಕಿವಿ ನೋಡಿದೆ. ಸೀಳು.

ಮಗ ಏದುಸಿರು ಬಿಡುತ್ತಾ ನಿಂತಿದ್ದ. "ಅದು ಬರೀ ಕಲ್ಲು ಕಣಮ್ಮ. ಕಲ್ಲಿಗ್ಯಾಕೆ ಕುರಿ? ಸಭೆ ಊಟಕ್ಕಾಗ್ಲಿ. ಆಗ ಗೊತ್ತಾಗತ್ತೆ ಇವ್ರಿಗೆ, ಮಾರಮ್ಮ ಏನೂ ಮಾಡಲ್ಲ ಅಂತ."

"ಅದು ಬರೀ ಕಲ್ಲಾದ್ರೆ ಇದು ಬರೀ ಕುರಿ ತಾನೇ? ದೊಡ್ಡಿ ತುಂಬ ಕುರಿ ಇದ್ವು. ಉಡುಕಿ ಉಡುಕಿ ಇದನ್ನೇ ಯಾಕ್ಲಾ ಎಳ್ಕಂಡ್ ಬಂದೆ? ಮಾರಮ್ಮನ ಮ್ಯಾಲೆ ನಿಂಗಿರೋ ನಂಬ್ಕೆ ನಿಮ್ ದೊಡ್ಡಪ್ಪಂಗೂ ಇಲ್ಲ."

ಅವನು ಮಚ್ಚನ್ನು ಸೌದೆಯ ರಾಶಿಯ ಮೇಲೆ ಎಸೆದ.

ಸತ್ತದ್ದನ್ನು ಬಿಸಿಲಲ್ಲಿ ಬಿಡಲಾಗುತ್ತದೆಯೇ? ನಾನೂ ಸಾಬರೂ ಸೇರಿ ಹುಣಸೆ ಕೊಂಬೆಗೆ ತೂಗುಹಾಕಿ ಚರ್ಮ ಸುಲಿದೆವು. ಸಾಬರಿಗೆ ಆ ಮಾಂಸ ಬೇಡ, ಅವರ ಲೆಕ್ಕದಲ್ಲಿ ಅದು ಸತ್ತ ರೀತಿ ಸರಿಯಿಲ್ಲ. ಆದರೂ ಕೈ ಹಾಕಿದರು. ಅಷ್ಟರಲ್ಲಿ ಪಾಸ್ಟರು ಸಭೆಯ ದೊಡ್ಡ ಪಾತ್ರೆಯನ್ನು ಬೈಕಿಗೆ ಕಟ್ಟಿಕೊಂಡು ಬಂದರು. ಮಗ ಎದೆ ಉಬ್ಬಿಸಿ ಎಲ್ಲ ಹೇಳಿದ. ಪಾಸ್ಟರು ತಲೆಯ ಹತ್ತಿರ ಬಗ್ಗಿ ಕಿವಿ ನೋಡಿದರು. ಪಾತ್ರೆ ಕೆಳಗಿಳಿಸಲೇ ಇಲ್ಲ.

"ಇದು ಬೇಡಪ್ಪ. ವಿಗ್ರಹಕ್ಕೆ ಮೀಸಲಿಟ್ಟಿದ್ದು."

"ನೀವೇ ಹೇಳಿದ್ರಲ್ಲ ಪಾಸ್ಟರ್, ವಿಗ್ರಹ ಏನೂ ಅಲ್ಲ ಅಂತ?"

"ಏನೂ ಅಲ್ಲ. ಆದ್ರೆ ಸಭೇಲಿ ಹೊಸಬರಿದ್ದಾರೆ. ಅವ್ರಿಗೆ ಮನಸ್ಸಲ್ಲಿ ಚುಚ್ಚತ್ತೆ. ನಾವು ಅವರನ್ನ ಎಡವಿಸ್ಬಾರ್ದು."

ಸಾಬರು ಕೈ ಒರೆಸಿಕೊಳ್ಳುತ್ತಾ ನನ್ನ ಕಡೆ ತಿರುಗಿ, "ನಮ್ಗೂ ಬೇಡ, ಇವ್ರಿಗೂ ಬೇಡ, ಇನ್ನು ಅಮ್ಮಂಗೂ ಆಗಲ್ಲ. ಇದೊಳ್ಳೆ ಟಗರು ಅಕ್ಕಾ, ಮೂರು ದೇವರ ಮನೆಯಿಂದ್ಲೂ ವಾಪಸ್" ಅಂದರು. ನನಗೆ ನಗು ಬಂತು. ಅದೇ ಕಡೆಯ ನಗು ಅವತ್ತಿಗೆ.

ಎದುರು ಮಹಡಿಯ ಮೇಲೆ ಬಟ್ಟೆ ಹರವಲು ಬಂದ ನನ್ನ ವಾರಗಿತ್ತಿ, ಭಾವನ ಹೆಂಡತಿ, ಕೊಂಬೆಯಲ್ಲಿ ತೂಗುವುದನ್ನು ನೋಡಿದಳು. ಕೆಳಗಿದ್ದ ತಲೆಯನ್ನೂ ನೋಡಿದಳು. ಮನೆಯಲ್ಲಿ ಹೆಣ ಬಿದ್ದಂತೆ ಕಿರುಚಿದಳು.

ಭಾವ ಬನಿಯನ್ನಿನಲ್ಲೇ ಬಂದರು. ಹಿಂದೆ ಅವರ ಇಬ್ಬರು ಗಂಡು ಮಕ್ಕಳು. ಒಬ್ಬನ ಕೈಯಲ್ಲಿ ಕಬ್ಬಿಣದ ಪೈಪು, ಇನ್ನೊಬ್ಬನ ಕೈಯಲ್ಲಿ ಕ್ರಿಕೆಟ್ ಬ್ಯಾಟು. ಭಾವನ ಕೈಯಲ್ಲಿ ಮಾರನೆಯ ದಿನದ ಬಲಿಗೆಂದು ಸಾಣೆ ಹಿಡಿಸಿಟ್ಟಿದ್ದ ಮಚ್ಚು. ನಾನು ಮದುವೆಯಾಗಿ ಬಂದಾಗಿನಿಂದ ಭಾವನ ಎದುರು ನಿಂತು ಮಾತಾಡಿದವಳಲ್ಲ. ಸೆರಗು ಎಳೆದುಕೊಂಡು ಬಾಗಿಲ ಹಿಂದೆ ನಿಲ್ಲುವುದು ನಮ್ಮ ರೂಢಿ. ಅವತ್ತೂ ರಕ್ತದ ಕೈಯಲ್ಲೇ ಸೆರಗು ಎಳೆದುಕೊಂಡೆ. ಎಂಥ ಬುದ್ಧಿ ನೋಡಿ.

"ಯಾವನ್ಲಾ ಕುಯ್ದೋನು?"

"ನಾನೇ ದೊಡ್ಡಪ್ಪ."

ಮಕ್ಕಳಿಬ್ಬರೂ ಮೊದಲು ಪಾಸ್ಟರ ಮೇಲೆ ಬಿದ್ದರು. "ನಮ್ಮನೆಗ್ ಬಂದು ಜಾತಿ ಕೆಡಿಸ್ತೀಯೇನೋ!" ಅಂತ ಬ್ಯಾಟಿನಲ್ಲಿ ಬಾಯಿಗೇ ಹೊಡೆದ ಒಬ್ಬ. ಪಾಸ್ಟರು ಬೈಕಿನ ಸಮೇತ ಬಿದ್ದರು, ಪಾತ್ರೆ ಉರುಳಿಕೊಂಡು ಹೋಯಿತು. ಪೈಪಿನವನು ಅವರ ಬೆನ್ನಿಗೆ ಬಾರಿಸಿದ, ಬಟ್ಟೆ ಒಗೆಯುವವರ ಹಾಗೆ, ಎತ್ತಿ ಎತ್ತಿ. ಪಾಸ್ಟರು ಏಸುವನ್ನು ಕರೆಯಲಿಲ್ಲ, "ಅಮ್ಮಾ" ಅಂದರು. ಅವರವ್ವ ಕೋಲಾರದ ಕಡೆ ಎಲ್ಲೋ ಇದ್ದಳು.

ಭಾವ ನೇರ ಮಗನ ಹತ್ತಿರ ಹೋದರು. ಓಡಬಹುದಾಗಿತ್ತು. ಟೆಂಪೋ ಇತ್ತು, ಹಿತ್ತಲು ಇತ್ತು. ಈ ಮೂರ್ಖ ಮಂಡಿಯೂರಿ ಎರಡೂ ಕೈ ಅಗಲಿಸಿದ.

"ಹೊಡಿ ದೊಡ್ಡಪ್ಪ. ನಾನು ನಿನ್ನನ್ನ ಕ್ಷಮಿಸಿದ್ದೀನಿ."

"ನೀನ್ ಕ್ಷಮ್ಸೋದಾ? ನನ್ನಾ? ನನ್ ಮೊಮ್ಮಗಳ ಉಸ್ರು ಕಣೋ ಅದು! ಆ ಮಗೀಗೆ ನಾಳೆ ಏನಾದ್ರೂ ಆದ್ರೆ ನಿಮ್ಮ ಏಸು ಬತ್ತಾನೇನ್ಲಾ?"

ಕೊಲ್ಲುವ ಏಟೇ ಅದು. ಕುತ್ತಿಗೆಗೇ ಬಂತು. ಸಾಯಲು ಸಿದ್ಧನಾಗಿ ಕೂತಿದ್ದ ಮಗ ಕೊನೆಯ ಗಳಿಗೆಯಲ್ಲಿ ಕೈ ಅಡ್ಡ ಹಿಡಿದ. ದೇವರು ಹಿಡಿಸಿದ ಅಂತ ಸಭೆಯವರು ಆಮೇಲೆ ಹೇಳಿದರು. ಕೈ ತಾನೇ ಎದ್ದಿತು, ಹೆದರಿಕೆಯಿಂದ. ಎಡಗೈಯ ಕಿರುಬೆರಳು, ಉಂಗುರದ ಬೆರಳು ಹಾರಿದವು. ಮಚ್ಚು ಅವನ ತೋಳಿಗೆ ಉಜ್ಜಿಕೊಂಡು ಹೋಯಿತು. ಭಾವ ಮತ್ತೆ ಎತ್ತಿದರು.

ಬೆಳಿಗ್ಗೆ ಕೆಳಗೆ ಹಾಕಿದ್ದ ದೋಟಿ ನನ್ನ ಕೈಗೆ ಸಿಕ್ಕಿತು. ತಿರುಗಿಸಿ ಬಿದಿರಿನ ಬುಡದಿಂದ ಭಾವನ ಹೆಗಲಿಗೆ ಹೊಡೆದೆ. ಒಣಗಿದ ಕಡ್ಡಿ ಮುರಿದಂತೆ ಸದ್ದು. ಮಚ್ಚು ಬಿತ್ತು. ಮಂಡಿಗೆ ಇನ್ನೊಂದು ಕೊಟ್ಟೆ, ಕೂತುಬಿಟ್ಟರು. ಗಂಡನಿಗೆ ಕೊಡಬೇಕಾಗಿದ್ದ ಏಟುಗಳೂ ಅದರಲ್ಲಿದ್ದವೋ ಏನೋ, ಕೈ ನಿಲ್ಲಲಿಲ್ಲ. ಮೂರನೆಯದಕ್ಕೆ ದೋಟಿ ತಿರುವಿದೆ. ಈ ಸಲ ಕುಡುಗೋಲಿನ ಕಡೆ. ಸಾಬರು ಹಿಂದಿನಿಂದ ನನ್ನ ಎರಡೂ ಕೈ ಹಿಡಿದರು.

"ಸಾಕು ಅಕ್ಕಾ! ಸತ್ತೋಗ್ತಾರೆ! ಸಾಕು!"

ಅಪ್ಪ ಬಿದ್ದದ್ದನ್ನು ನೋಡಿ ಮಕ್ಕಳಿಬ್ಬರೂ ಪೈಪು, ಬ್ಯಾಟು ಹಿಡಿದು ಸುಮ್ಮನೆ ನಿಂತುಬಿಟ್ಟರು. ನಾನು ನೆಲದಲ್ಲಿ ಮಗನ ಬೆರಳು ಹುಡುಕಿದೆ. ಒಂದು ಸಿಕ್ಕಿತು. ಇನ್ನೊಂದು ಆ ಕೆಸರಿನಲ್ಲಿ ಎಲ್ಲಿ ಸೇರಿತೋ. ಟಗರಿನ ರಕ್ತ, ಮಗನದು, ಪಾಸ್ಟರ ಬಾಯಿಯದು, ಎಲ್ಲ ಒಂದೇ ಕೆಸರು. ಯಾವುದು ಯಾರದು ಅಂತ ಮಾರಮ್ಮನಿಗೂ ತಿಳಿದಿರಲಾರದು, ಏಸುವಿಗೂ ತಿಳಿದಿರಲಾರದು.

ಸಾಬರು ಟೆಂಪೋದಿಂದ ಕುರಿ ಇಳಿಸಲು ಹೊತ್ತಿಲ್ಲ ಅಂತ ಕುರಿಗಳ ಮಧ್ಯೆಯೇ ಮೂವರನ್ನೂ ಹತ್ತಿಸಿದರು. ಒಂದು ಕಡೆ ನನ್ನ ಮಗ, ಕೈಗೆ ನನ್ನ ಸೀರೆಯ ತುಂಡು ಬಿಗಿದು. ಇನ್ನೊಂದು ಕಡೆ ಭಾವ, ಹೆಗಲು ಜೋತುಬಿಟ್ಟು. ಮಧ್ಯೆ ಪಾಸ್ಟರು, ಬಾಯಿಗೆ ಕರ್ಚೀಫು ಒತ್ತಿಕೊಂಡು. ಕುರಿಗಳು ಎಲ್ಲರ ಮೇಲೂ ಹಿಕ್ಕೆ ಹಾಕಿದವು. ಯಲಹಂಕ ಬರುವವರೆಗೆ ಭಾವ ಒಂದೇ ಮಾತು ಹೇಳುತ್ತಿದ್ದರು.

"ಅಮ್ಮಂಗೆ ನಾಳೆ ತಲೆ ಬೇಕು. ಟಗರಿಂದಾದ್ರೂ ಸರಿ, ಇವನದಾದ್ರೂ ಸರಿ. ನಾನಾಗ್ದಿದ್ರೆ ನನ್ ಮಕ್ಳು ತೆಗೀತಾರೆ."

ಅವರು ಸುಮ್ಮನೆ ಬೆದರಿಸುವ ಜನವಲ್ಲ. ಜಮೀನಿನ ವ್ಯವಹಾರದಲ್ಲಿ ಒಬ್ಬನ ಕಾಲು ತೆಗೆಸಿದ್ದು ಊರಿಗೆಲ್ಲ ಗೊತ್ತಿತ್ತು.

ಆಸ್ಪತ್ರೆಯಲ್ಲಿ ಮಗನನ್ನು ಒಳಗೆ ಕರೆದುಕೊಂಡು ಹೋದರು. ಸಿಕ್ಕಿದ ಬೆರಳೂ ಕೂಡಲಿಲ್ಲ, ಜಜ್ಜಿಹೋಗಿದೆ ಅಂದರು. ಅಷ್ಟು ಹೊತ್ತಿಗೆ ಸುದ್ದಿ ಹರಡಿ ಹೊರಗೆ ಎರಡು ಗುಂಪು ಸೇರಿತ್ತು. ಒಂದು ಕಡೆ ಹೆಗಲಿಗೆ ಶಾಲು ಹಾಕಿಕೊಂಡ ಹುಡುಗರು, ಅಮೃತಹಳ್ಳಿ, ಹೆಬ್ಬಾಳದ ಕಡೆಯಿಂದೆಲ್ಲ ಬಂದವರು. ಅವರಲ್ಲಿ ಒಬ್ಬನೂ ಆ ಟಗರನ್ನು ನೋಡಿದವನಲ್ಲ. ಇನ್ನೊಂದು ಕಡೆ ಬೇರೆ ಬೇರೆ ಸಭೆಗಳ ಪಾಸ್ಟರುಗಳು, ಫೋನಿನಲ್ಲಿ ರಕ್ತದ ಫೋಟೋ ತೆಗೆಯುತ್ತಿದ್ದವರು. ಪೊಲೀಸಿನವರು ಬಂದಾಗ ಎರಡು ಕಡೆಯವರೂ ಒಟ್ಟಿಗೆ ಕೂಗಿದರು. ಒಬ್ಬರು ಮತಾಂತರ ಅಂದರು, ಇನ್ನೊಬ್ಬರು ಚರ್ಚಿನ ಮೇಲೆ ದಾಳಿ ಅಂದರು. ಸಾಬರನ್ನು ಕಂಡು ಒಬ್ಬ ಶಾಲಿನವನು, "ಇವನ್ಯಾಕೋ ಇಲ್ಲಿ?" ಅಂದ. ಸಾಬರು ಮೆತ್ತಗೆ ಕಾಂಪೌಂಡಿನ ಆಚೆ ಹೋಗಿ ಟೆಂಪೋದಲ್ಲಿ ಕೂತರು. ಮೂವರ ಜೀವ ತಂದು ಹಾಕಿದವರು ಅವರೇ.

ಎಸ್.ಐ. ನನ್ನನ್ನು ಬೆಂಚಿನ ಮೇಲೆ ಕೂರಿಸಿದರು. "ಹೇಳಮ್ಮ. ಧರ್ಮದ ಗಲಾಟೆನಾ?"

ಧರ್ಮದ್ದು ಅಂದರೆ ಏನಾಗುತ್ತದೆ ಅಂತ ನನಗೆ ಗೊತ್ತಿತ್ತು. ರಾತ್ರಿಯೊಳಗೆ ಪ್ರಾರ್ಥನೆ ಮನೆಗೆ ಕಲ್ಲು, ಆಮೇಲೆ ಇನ್ಯಾರದೋ ಮನೆಗೆ ಬೆಂಕಿ. ಇವರೆಲ್ಲ ಹೋದ ಮೇಲೆ ನನ್ನ ಮಗ ಅದೇ ಓಣಿಯಲ್ಲಿ ಒಬ್ಬನೇ ಓಡಾಡಬೇಕು.

"ಕುರಿ ಗಲಾಟೆ ಸಾರ್."

"ಕುರಿ?"

"ಅವ್ರ ಟಗರು ನಮ್ಮ ದೊಡ್ಡೀಲಿತ್ತು. ನನ್ ಮಗ ಕಡಿದ. ಅವ್ರು ನನ್ ಮಗನ ಕಡಿದ್ರು. ನಾನು ಅವ್ರಿಗೆ ಒಡ್ದೆ. ಬಿಡಿಸೋಕ್ ಬಂದ ಇವ್ರಿಗೆ ಅಲ್ಲುದುರ್ತು. ಅಷ್ಟೇಯ."

ಎಸ್.ಐ. ಹೊರಗಿನ ಗುಂಪು ನೋಡಿದರು, ನನ್ನನ್ನು ನೋಡಿದರು. "ಇವ್ರೂ ಹಂಗೇ ಹೇಳ್ತಾರಾ?" ಅಂತ ಭಾವನ ಕಡೆ ಕೈ ಮಾಡಿದರು.

ಭಾವ ಮಂಚದ ಮೇಲೆ ಕಣ್ಣು ಮುಚ್ಚಿಕೊಂಡಿದ್ದರು. ನಾನು ಸೆರಗು ಎಳೆದುಕೊಳ್ಳದೆ ಅವರ ಮುಖದ ಹತ್ತಿರ ಬಗ್ಗಿದೆ. ಆ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅವತ್ತೇ. ಹೆದರಿದ ಮುದುಕ. ಹಣೆಯ ಮೇಲೆ ಕಲ್ಲಿಗೆ ಜಜ್ಜಿಕೊಂಡ ಗುರುತು ಇನ್ನೂ ಇತ್ತು.

"ಭಾವ, ತಲೆ ಇಟ್ರೆ ಮುಗೀತಾ?"

"ಕಡಿದು ಬಿಟ್ಟವ್ರೆ. ಇನ್ನೇನ್ ಇಡ್ತೀಯಾ."

"ತಲೆ ಐತೆ. ಕೆಟ್ಟಿಲ್ಲ. ನಾಳೆ ಮಂಗಳವಾರನೇಯ. ಅಮ್ಮಂಗೆ ತಲೆ ಸಿಕ್ಕಿದ್ರೆ ನನ್ ಮಗ ಉಳೀತಾನಾ? ಅದೇಳಿ."

ಅವರು ಕಣ್ಣು ಬಿಟ್ಟರು. "ಜೀವ ಯಾರ ಕೈಲಿ ಓಯ್ತು? ಆ ಸಾಬ ಏಳ್ದ, ನಿನ್ ಕೈಲಿ ಅಂತ. ಅಂಗಾದ್ರೆ ನೀನೇ ಇಡ್ಬೇಕು. ಅರಿಸಿನ ಕುಂಕುಮ ಅಚ್ಚಿ, ತಲೆ ಮ್ಯಾಲೆ ದೀಪ ಅಚ್ಚಿ, ಕೈ ಮುಗ್ದು. ಕೆರೇಲಿ ಮುಳುಗಿಸ್ಕಂಡ್ ಬಂದ್ಯಲ್ಲ, ಆ ಕೈಲೇ ಮುಗೀಬೇಕು. ಆಗ ಅಮ್ಮ ತಗಂತಾಳೆ, ನಾನೂ ಬಿಡ್ತೀನಿ."

"ಆಣೆ?"

"ಮೊಮ್ಮಗಳ ಮೇಲಾಣೆ."

ಆಮೇಲೆ ಎಸ್.ಐ.ಗೆ ಕೇಳಿಸುವ ಹಾಗೆ ಅಂದರು, "ಕುರಿ ಗಲಾಟೆನೇ ಸಾರ್. ಮನೆ ಜಗಳ."

ಎಸ್.ಐ. ಹೊರಗೆ ಹೋಗಿ ಎರಡು ಗುಂಪನ್ನೂ ಓಡಿಸಿದರು. ಲಾಠಿಯನ್ನೂ ಬೀಸಿದರು.

ಪಾಸ್ಟರು ಎಲ್ಲ ಕೇಳಿಸಿಕೊಂಡಿದ್ದರು. ತುಟಿಗೆ ಹೊಲಿಗೆ ಹಾಕಿಸಿಕೊಂಡು ಬಂದು ನನ್ನ ಪಕ್ಕ ಕೂತರು. ಮಾತು ತೊದಲುತ್ತಿತ್ತು.

"ಅಮ್ಮಾ, ಬೇಡ. ವಿಗ್ರಹಕ್ಕೆ ಕೈ ಮುಗಿದ್ರೆ ಕರ್ತನನ್ನ ಅಲ್ಲಗಳೆದ ಹಾಗೆ. ಅದೂ ಕ್ರಿಸ್‌ಮಸ್ ದಿನ. ಎಷ್ಟೋ ಜನ ಪ್ರಾಣ ಕೊಟ್ರು, ಇದನ್ನ ಮಾತ್ರ ಮಾಡ್ಲಿಲ್ಲ."

"ತಮ್ ಪ್ರಾಣ ಕೊಟ್ರು ಪಾಸ್ಟರೇ. ಇಲ್ಲಿ ಓಗೋದು ನನ್ ಮಗಂದು."

"ದೇವರೇ ತನ್ನ ಒಬ್ಬನೇ ಮಗನನ್ನ ನಮಗೋಸ್ಕರ ಕೊಟ್ಟ, ಅಮ್ಮಾ."

"ಅವನು ಕೊಟ್ಟ. ಅವನಿಗೆ ಮೂರನೇ ದಿನ ವಾಪಸ್ ಸಿಕ್ತು. ನಾನ್ ಕೊಡಕಿಲ್ಲ."

ನಾನು ದೇವರನ್ನು ಹೀಯಾಳಿಸಲು ಅದನ್ನು ಹೇಳಿದ್ದಲ್ಲ. ಆ ಕಥೆ ಓದುವಾಗಲೆಲ್ಲ ನನಗೆ ಆ ತಾಯಿಯ ಯೋಚನೆಯೇ ಬರುತ್ತಿತ್ತು. ಶಿಲುಬೆಯ ಕೆಳಗೆ ನಿಂತಿದ್ದಳಲ್ಲ, ಅವಳು. ಅಪ್ಪ ಕೊಟ್ಟ ಅಂತ ಎಲ್ಲರೂ ಹಾಡುತ್ತಾರೆ. ಅವ್ವನನ್ನು ಯಾರು ಕೇಳಿದರು? ಅವಳ ಕೈಯಲ್ಲಿ ಒಂದು ದೋಟಿ ಇದ್ದಿದ್ದರೆ ಸುಮ್ಮನೆ ನಿಂತಿರುತ್ತಿದ್ದಳು ಅಂತ ನಾನು ನಂಬುವುದಿಲ್ಲ.

ಮಗನಿಗೆ ಎಚ್ಚರವಾದಾಗ ನಾನೇ ಹೇಳಿದೆ. ಬೇರೆಯವರಿಂದ ಕೇಳಿಸಿಕೊಳ್ಳುವುದು ಬೇಡ ಅಂತ.

"ನಾನು ಸಾಯ್ತಿದ್ದೆ, ಸಾಯೋಕೆ ಬಿಡಬೇಕಿತ್ತು," ಅಂದ. "ನೀನು ಕಲ್ಲಿನ ಮುಂದೆ ಹೋಗಿ ನಿಂತ್ರೆ ನಾನು ನಿನ್ನ ಮಗ ಅಲ್ಲ."

"ಸಾಯೋಕ್ ಕೂತೋನು ಕೈ ಯಾಕೆ ಅಡ್ಡ ಇಡ್ದೆ?"

ಗೋಡೆ ಕಡೆ ತಿರುಗಿದ. ಆ ಮಾತು ಆಡಬಾರದಾಗಿತ್ತು ಅಂತ ಕೆಲವರು ಅಂದರು. ನಿಜ ಮಾತು, ಆಡಿದೆ. ಆವತ್ತಿನಿಂದ ಈ ಏಳು ವರ್ಷ ಅವನು ನನ್ನ ಮನೆಯಲ್ಲಿ ಊಟ ಮಾಡಿಲ್ಲ. ಯಶವಂತಪುರದಲ್ಲಿ ಮನೆ ಮಾಡಿಕೊಂಡಿದ್ದಾನೆ, ಮೂರು ಬೆರಳಿನ ಕೈಯಲ್ಲೇ ಗೇರು ಹಾಕುತ್ತಾನೆ, ಯಾವುದೋ ದೊಡ್ಡ ಸಭೆಯಲ್ಲಿ ಸಾಕ್ಷಿ ಹೇಳುತ್ತಾನೆ ಅಂತ ಕೇಳಿದ್ದೇನೆ. ಸಾಕ್ಷಿಯಲ್ಲಿ ನಾನು ಬರುವುದಿಲ್ಲವಂತೆ. ಬದುಕಿದ್ದಾನೆ. ಭಾವನ ಮೊಮ್ಮಗಳು ಕಾಲೇಜಿಗೆ ಹೋಗುತ್ತಾಳೆ, ಅವಳೂ ಬದುಕಿದ್ದಾಳೆ. ಮಾರಮ್ಮ ಉಳಿಸಿದಳು ಅಂತ ಅವರು, ಏಸು ಉಳಿಸಿದ ಅಂತ ಇವರು. ಉಳಿದಿದ್ದಾರೆ, ನನಗೆ ಅಷ್ಟು ಸಾಕು. ಪಾಸ್ಟರು ನನ್ನನ್ನು ಸಭೆಯಿಂದ ತೆಗೆಯಲಿಲ್ಲ, ಆದರೆ ಈಗಲೂ ರೊಟ್ಟಿ ದ್ರಾಕ್ಷಾರಸ ಕೊಡುವ ಭಾನುವಾರ ತಟ್ಟೆ ನನ್ನ ಮುಂದೆ ನಿಲ್ಲದೆ ಹೋಗುತ್ತದೆ. ನಾನು ಹೋಗುವುದನ್ನು ಬಿಟ್ಟಿಲ್ಲ.

ಮಾರನೆಯ ದಿನ ಬೆಳಿಗ್ಗೆ ಎದ್ದು, ರಾತ್ರಿ ತಲೆ ತುಂಬಿ ಕೊಂಬೆಗೆ ತೂಗಿದ್ದ ಗೋಣಿಚೀಲ ಬಿಚ್ಚಿದೆ. ತಲೆ ಕೆಟ್ಟಿರಲಿಲ್ಲ, ಡಿಸೆಂಬರಿನ ಚಳಿ. ತೊಳೆದು ಸ್ಟೀಲಿನ ಬೇಸನ್ನಿನಲ್ಲಿಟ್ಟೆ. ಅರಿಸಿನ, ಕುಂಕುಮ ನನ್ನ ಮನೆಯಲ್ಲಿರಲಿಲ್ಲ. ವಾರಗಿತ್ತಿ ಬಾಗಿಲು ಅರ್ಧ ತೆಗೆದು ಕೊಟ್ಟಳು. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಸೆಕ್ಯೂರಿಟಿಯವನು ಬೇಸನ್ ನೋಡಿ ಹಿಂದಕ್ಕೆ ಹಾರಿದ. ಅವನ ತಲೆಯ ಮೇಲೆ ಗೇಟಿಗೆ ಕಾಗದದ ನಕ್ಷತ್ರ ಕಟ್ಟಿದ್ದರು.

"ಏನಮ್ಮಾ ಇದು? ಯಾರ್ ಮನೆಗೆ?"

"ಜನರೇಟರ್ ಪಕ್ಕದ ಮನೆಗೆ," ಅಂದೆ. ಬಿಟ್ಟ.

ಕಲ್ಲಿನ ಮುಂದೆ ತಲೆ ಇಟ್ಟೆ. ಸೀಳಿದ ಕಿವಿ ಮುಂದೆ ಕಾಣುವ ಹಾಗೆ ತಿರುಗಿಸಿದೆ, ಯಾರದು ಅಂತ ಗೊತ್ತಾಗಲಿ. ಅರಿಸಿನ ಹಚ್ಚಿ, ಎರಡು ಕೊಂಬಿನ ನಡುವೆ ದೀಪ ಹಚ್ಚಿ ಕೈ ಮುಗಿದೆ. ಬಾಯಲ್ಲಿ, "ನಿನ್ನದು ನಿನಗೆ ಮುಟ್ತು. ನನ್ನದು ನನಗಿರ್ಲಿ," ಅಂದೆ. 'ಆಮೆನ್' ಅಂತ ರೂಢಿಯಲ್ಲಿ ಬಂದುಬಿಟ್ಟಿತು. ಗಿಡಕ್ಕೆ ನೀರು ಬಿಡುವ ನಲ್ಲಿಯಲ್ಲಿ ಕೈ ತೊಳೆದುಕೊಂಡು ಮನೆಗೆ ಬಂದು, ಯಾರಿಗೂ ಬೇಡವಾದ ಆ ಟಗರಿನ ತೊಡೆ ಕೊಚ್ಚಿ ಒಲೆಯ ಮೇಲಿಟ್ಟೆ. ಬೇಯಲು ತುಂಬಾ ಹೊತ್ತು ಹಿಡಿಯಿತು. ಮುದ್ದೆಯ ಜೊತೆ ಹೊಟ್ಟೆ ತುಂಬ ಉಂಡು, ಹಿಂದಿನ ದಿನದಿಂದ ಮೇಯದೆ ಕೂಗುತ್ತಿದ್ದ ಕುರಿಗಳನ್ನು ದೊಡ್ಡಿಯಿಂದ ಬಿಟ್ಟು, ಹುಲ್ಲುಗಾವಲಿನ ಕಡೆ ಹೊಡೆದುಕೊಂಡು ಹೋದೆ.